ಕಿವಿಗಿಟ್ಟ ಸ್ಕ್ರೂಡ್ರೈವರು

ನಮ್ಮ ದೇವರ ಕೋಣೆಯ ಗೂಡಿನಲ್ಲಿ ವಿಭೂತಿ ಗಟ್ಟಿ, ಹೂಬತ್ತಿಯ ಡಬ್ಬಿ, ಕರ್ಪೂರದ ಪೊಟ್ಟಣ ಇವುಗಳ ಪಕ್ಕದಲ್ಲಿ ಒಂದು ಉದ್ದನೆಯ ಸ್ಕ್ರೂಡ್ರೈವರೂ ಇದೆ. ಹೋದ ವಾರ ಅರಿಶಿನ ಕುಂಕುಮಕ್ಕೆ ಬಂದಿದ್ದ ಪಕ್ಕದ ಮನೆಯಾಕೆ ಅದನ್ನು ನೋಡಿ, “ಏನ್ರೀ ಅಕ್ಕಾ, ದೇವರ ಸ್ಕ್ರೂ ಸಡ್ಲಾಗೇತೇನು?” ಎಂದು ನಕ್ಕಳು. ನಾನೂ ನಕ್ಕೆ. ನಕ್ಕು ಒಳಗೆ ಹೋಗಿ ಅವಳ ಕಾಫಿಗೆ ಎರಡು ಸಲ ಸಕ್ಕರೆ ಹಾಕಿದೆ.

ಮೊಳಕ್ಕಿಂತ ತುಸು ಉದ್ದದ ಕಬ್ಬಿಣ, ಅದಕ್ಕೊಂದು ಮರದ ಹಿಡಿ. ಹಿಡಿಯ ತುದಿ ಮುಟ್ಟಿದರೆ ಬೆಣ್ಣೆಯಷ್ಟು ನುಣುಪು. ಮೂಗಿನ ಹತ್ತಿರ ತಂದರೆ ಡೀಸೆಲ್ಲಿನ ವಾಸನೆಯ ಅಡಿಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ. ನಮ್ಮ ಯಜಮಾನರು ತಲೆಗೆ ಹಚ್ಚುವ ಎಣ್ಣೆ ಅದು. ಲಾರಿ ಓಡಿಸಲು ಹಿಡಿದಾಗಿನಿಂದ ಅವರು ಈ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಅದರ ಒಳಗಿನ ಸುಖದುಃಖ ಕೇಳಿದವರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವುದಿಲ್ಲವೆ, ಹಾಗೆ. ಒಮ್ಮೆ ನಾನು ಇದರಿಂದ ಬೆಲ್ಲ ಒಡೆದಿದ್ದೆ. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಮೂರನೆಯ ದಿನ ಅದೇ ಬೆಲ್ಲದ ಹೋಳಿಗೆಯನ್ನು ನಾಲ್ಕು ತಿಂದರು, ಅದು ಬೇರೆ ಮಾತು.

ಅವರ ಹೆಸರು ಬಸವರಾಜ. ಆದರೆ ಶಿಕಾರಿಪುರದ ಎಪಿಎಂಸಿ ಯಾರ್ಡಿನಲ್ಲಿ ಬಸವರಾಜ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ‘ಕಿವಿ ಬಸಣ್ಣ’ ಎನ್ನಬೇಕು. ಬೇರೆ ಲಾರಿಯವರು, ಟ್ರ್ಯಾಕ್ಟರಿನವರು, ಹಿಟ್ಟಿನ ಗಿರಣಿಯವರೂ ಬಂದು, “ಬಸಣ್ಣಾರ, ಒಂದು ಸಲ ಕೇಳಿ ಹೇಳ್ರಿ” ಎನ್ನುತ್ತಿದ್ದರು. ಇವರು ಸ್ಕ್ರೂಡ್ರೈವರು ಇಟ್ಟು, ಕಣ್ಣು ಮುಚ್ಚಿ, ಕುತ್ತಿಗೆ ಓರೆ ಮಾಡಿ ನಿಂತರೆಂದರೆ ಸುತ್ತ ನಿಂತವರು ಬೀಡಿಯ ಹೊಗೆಯನ್ನೂ ಮೆಲ್ಲಗೆ ಬಿಡುತ್ತಿದ್ದರು.

ನನ್ನನ್ನು ನೋಡಲು ಬಂದ ದಿನವೂ ಹಾಗೇ ಆಯಿತು. ನನ್ನ ತವರು ಬಂದಳಿಕೆ. ಉಪ್ಪಿಟ್ಟು, ಕಾಫಿ ಎಲ್ಲ ಆಯಿತು. ನಾನು ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಿದ್ದೆ. ವರ ಇದ್ದಕ್ಕಿದ್ದಂತೆ ಎದ್ದು ಹಿತ್ತಿಲ ಕಡೆ ನಡೆದುಬಿಟ್ಟ. ಹುಡುಗಿ ಒಪ್ಪಿಗೆಯಾಗಲಿಲ್ಲವೇನೋ ಎಂದು ನಮ್ಮವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಅವರು ಹೋದದ್ದು ಗದ್ದೆಗೆ ನೀರೆತ್ತುತ್ತಿದ್ದ ನಮ್ಮಪ್ಪನ ಡೀಸೆಲ್ ಪಂಪಿನ ಹತ್ತಿರ. ಒಂದು ಕೋಲು ಮುರಿದು ಅದಕ್ಕಿಟ್ಟು ಕಿವಿಗೊಟ್ಟು, “ಮಾವಾರ, ಇದ್ರ ಬೇರಿಂಗ್ ಹೋಗೇತಿ. ಇನ್ನ ಹದಿನೈದು ದಿನ ನಡದ್ರ ಹೆಚ್ಚು” ಎಂದರಂತೆ. ಹದಿಮೂರನೆಯ ದಿನಕ್ಕೆ ಪಂಪು ನಿಂತಿತು. ನಮ್ಮಪ್ಪ ಮಾರನೆಯ ದಿನವೇ ಹೋಗಿ ಲಗ್ನ ಗಟ್ಟಿ ಮಾಡಿಕೊಂಡು ಬಂದ. ಮನೆ, ಹೊಲ, ಗುಣ ಏನನ್ನೂ ನೋಡಲಿಲ್ಲ. ಮಗಳನ್ನು ಆ ಕಿವಿಗೆ ಕೊಟ್ಟ.

ನನಗೂ ಕೇಳುವ ಹುಚ್ಚು ಇಲ್ಲದಿರಲಿಲ್ಲ ಎನ್ನಿ. ಚಿಕ್ಕವರಿದ್ದಾಗ ಊರಿನ ಹಳೆಯ ಗುಡಿಗಳಲ್ಲಿ ಎಮ್ಮೆ ಕಾಯುತ್ತ ಆಡುತ್ತಿದ್ದೆವು. ಬಿಸಿಲಿಗೆ ಕಾದ ಕಲ್ಲಿನ ಕಂಬಕ್ಕೆ ಕಿವಿ ಹಚ್ಚಿದರೆ ಒಳಗೆ ಶಿವ ಉಸಿರಾಡುವುದು ಕೇಳುತ್ತದೆ ಎಂದು ಯಾರೋ ಹೇಳಿದ್ದರು. ಉಳಿದ ಹುಡುಗಿಯರಿಗೆಲ್ಲ ಕೇಳುತ್ತಿತ್ತು. ನನಗೆ ಮಾತ್ರ ಕಿವಿ ಬಿಸಿಯಾಗುತ್ತಿತ್ತು, ಅಷ್ಟೆ. ಆದರೂ “ಕೇಳ್ತು, ಕೇಳ್ತು” ಎನ್ನುತ್ತಿದ್ದೆ. ಅದೇ ನನ್ನ ಮೊದಲ ಸುಳ್ಳಿರಬೇಕು. ಕೊನೆಯದು ಯಾವುದೆಂದು ಮುಂದೆ ಹೇಳುತ್ತೇನೆ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನಿಗೆ ಅದು ಬಿಡುವಿನ ದಿನ. ಇವರು ಅದೇ ಕಟ್ಟಳೆಯನ್ನು ಲಾರಿಗೂ ಮಾಡಿದ್ದರು. ಎಂಥ ಬಾಡಿಗೆ ಬಂದರೂ ಸೋಮವಾರ ಲಾರಿ ಹೊರಡುತ್ತಿರಲಿಲ್ಲ. ಬೆಳಿಗ್ಗೆ ಅದಕ್ಕೆ ಸ್ನಾನ, ಬಾನೆಟ್ಟಿನ ಮೇಲೆ ಮೂರು ಗೆರೆ ವಿಭೂತಿ, ಒಂದು ಎಳೆ ಹೂವು. ಆಮೇಲೆ ಸ್ಕ್ರೂಡ್ರೈವರು. ಅದು ಹಳೆಯ ಕಾಲದ ಲಾರಿ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸಲು ಅದರಲ್ಲಿ ಒಂದು ಎಣ್ಣೆಯ ಬಟ್ಟಲು, ಮೇಲೊಂದು ತಂತಿಯ ಬಲೆ. ಧೂಳೆಲ್ಲ ಎಣ್ಣೆಗೆ ಅಂಟಿ ಕೆಳಗೆ ಕೂರುತ್ತದೆ. ಆ ಬಲೆಯನ್ನು ಡೀಸೆಲ್ಲಿನಲ್ಲಿ ತೊಳೆಯುವುದು ಅವರ ಕೆಲಸ. ಮದುವೆಯಾದ ಹೊಸದರಲ್ಲಿ ನಾನು ಉಪಕಾರ ಮಾಡಲು ಹೋಗಿ ಅದನ್ನು ಸೀಗೆಪುಡಿ ಹಾಕಿ ತಿಕ್ಕಿ, ನನ್ನ ಸೀರೆಯ ಪಕ್ಕ ತಂತಿಗೆ ನೇತುಹಾಕಿದ್ದೆ. ಸೀರೆ ಹೋಯಿತು. ಬಲೆಗೆ ಏನೂ ಆಗಲಿಲ್ಲ, ಶಿವ ದೊಡ್ಡವನು.

ಶಿವ ದೊಡ್ಡವನು ಎಂಬ ಮಾತು ನನ್ನ ಬಾಯಲ್ಲಿ ಹೆಚ್ಚು. ಪೂಜೆಗೆ ಕೂತು ಹಣೆಗೆ ವಿಭೂತಿ ಹಚ್ಚುವಾಗ ನನಗೊಂದು ರೂಢಿ. ಮೂರು ಗೆರೆ, ಒಂದೊಂದು ಗೆರೆಗೆ ಅವನು ಮಾಡಿದ ಒಂದೊಂದು ಉಪಕಾರ ನೆನೆಯುವುದು. ದೊಡ್ಡದೇನಲ್ಲ. ಹಾಲು ಒಡೆಯಲಿಲ್ಲ. ಮೊಣಕಾಲು ಇವತ್ತು ಮೆಟ್ಟಿಲಿಗೆ ಬಗ್ಗಿತು. ಸೊರಬದಲ್ಲಿರುವ ಮಗಳು ಫೋನಿನಲ್ಲಿ ಎರಡು ಸಲ ನಕ್ಕಳು. ಹೀಗೆ. ಮೊದಲೆಲ್ಲ ಮೂರು ಬೆರಳು ಸಾಲುತ್ತಿರಲಿಲ್ಲ. ಈಗ ಎರಡನೆಯ ಗೆರೆಗೆ ಬರುವಷ್ಟರಲ್ಲಿ ಕೈ ನಿಲ್ಲುತ್ತದೆ.

ಅದು ಶುರುವಾದದ್ದು ಒಂದು ಬಕೆಟ್ಟಿನಿಂದ. ಮನೆಯ ಹಿಂದೆ ನಾನು ಬಟ್ಟೆ ಒಗೆಯುತ್ತಿದ್ದೆ. ಇವರು ಲಾರಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. “ನಿಲ್ಲಸ್ರೀ, ನಿಲ್ಲಸ್ರೀ” ಎಂದು ಕೂಗಿದೆ. ಮೂರು ಮನೆಯಾಚೆಯ ನಾಯಿ ಬೊಗಳಿತು. ಲಾರಿ ನಿಲ್ಲಲಿಲ್ಲ. ನಾನು ಗೋಡೆಗೆ ಒತ್ತಿಕೊಂಡೆ. ನೀಲಿ ಬಕೆಟ್ಟು ಗಾಲಿಯ ಅಡಿಗೆ ಹೋಗಿ ರೊಟ್ಟಿಯಾಯಿತು. ಇವರು ಇಳಿದು ಬಂದು ಬಕೆಟ್ಟನ್ನು ನೋಡಿ, ನನ್ನ ಮೇಲೆ ಹರಿಹಾಯ್ದರು.

“ಬಾಯಿಲ್ಲೇನು ನಿಂಗ? ಕೂಗಬಾರದಾ?”

“ಕೂಗಿದ್ನೆಲ್ಲರೀ!”

“ಹಾಂ?”

ಆ ‘ಹಾಂ’ ಎನ್ನುವಾಗ ಅವರ ಕಣ್ಣು ನನ್ನ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು. ನನಗೆ ಆಗ ಗೊತ್ತಾಯಿತು. ಟಿವಿಯ ಮುಂದೆ ಕೂರುವುದನ್ನು ಯಾಕೆ ಬಿಟ್ಟರು, ಮದುವೆ ಮುಂಜಿಗೆ ಕರೆದರೆ ಯಾಕೆ ಸಿಡುಕುತ್ತಾರೆ, ನಾನು ಬೆನ್ನು ಹಾಕಿ ರೊಟ್ಟಿ ಬಡಿಯುತ್ತ ಹೇಳಿದ ಮಾತಿಗೆ ಯಾಕೆ ಉತ್ತರ ಬರುವುದಿಲ್ಲ, ಎಲ್ಲ ಒಟ್ಟಿಗೆ ಗೊತ್ತಾಯಿತು. ಮರುದಿನದ ವಿಭೂತಿಗೆ ಮೊದಲ ಗೆರೆ, ಹೋದದ್ದು ಬರೀ ಬಕೆಟ್ಟು ಎಂದು. ನಾಳೆ ಶಾಲೆಯ ಮಕ್ಕಳ ಓಣಿಯಲ್ಲಿ ಲಾರಿ ಹಿಂದೆ ಸರಿಯುವುದು ನೆನೆದಾಗ ಎರಡನೆಯ ಗೆರೆ ಅರ್ಧಕ್ಕೇ ನಿಂತಿತು.

ಹೇಳಬೇಕಿತ್ತು. ಹೇಳಲಿಲ್ಲ. ಕಿವಿ ಬಸಣ್ಣನಿಗೆ ನಿಮ್ಮ ಕಿವಿ ಹೋಗಿದೆ ಎಂದು ಯಾವ ಬಾಯಿಂದ ಹೇಳಲಿ? ಬಾಡಿಗೆಗೆ ಹೊರಟಾಗಲೆಲ್ಲ ದೀಪ ಹಚ್ಚಿ ಕೂರುತ್ತಿದ್ದೆ. ಇವರು ಮನೆಯಲ್ಲಿದ್ದ ದಿನ ಗಂಟೆ ಬಾರಿಸಿದರೆ ಪಡಸಾಲೆಯಲ್ಲಿ ಕೂತಲ್ಲಿಂದ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ, ಶಿವನಿಗೂ ಹೀಗೇ ಆಗಿದೆಯೋ ಏನೋ ಅನ್ನಿಸಿತು. ತಕ್ಷಣ ಕೆನ್ನೆ ಬಡಿದುಕೊಂಡೆ.

ಇಷ್ಟರಲ್ಲಿ ಲಾರಿ ಸೊರಗತೊಡಗಿತು. ಮೆಕ್ಕೆಜೋಳದ ಸುಗ್ಗಿ ಮುಗಿದಿತ್ತು. ಆ ಕಣಗಳ ಧೂಳು ನೀವು ನೋಡಿದ್ದರೆ ಗೊತ್ತು. ಹೊಟ್ಟು ಗಾಳಿಯಲ್ಲಿ ಹಾರಿ ಹುಬ್ಬಿನ ಮೇಲೆ ಕೂರುತ್ತದೆ. ಒಂದು ದಿನ ನಾನು ಮಗಳ ಮನೆಗೆಂದು ಲಾರಿಯಲ್ಲೇ ಸೊರಬಕ್ಕೆ ಹೊರಟಿದ್ದೆ. ಒಂದು ಸಣ್ಣ ಏರಿನಲ್ಲಿ ಭತ್ತದ ಲೋಡು ಹೊತ್ತ ಲಾರಿ ಮೊದಲ ಗೇರಿನಲ್ಲೂ ಏಳಲಾರದೆ ಕರಿ ಹೊಗೆ ಕಾರಿತು. ಹೇಗೋ ತಿರುಗಿಸಿಕೊಂಡು ಶಿಕಾರಿಪುರದ ಹಾಲೇಶಣ್ಣನ ಗ್ಯಾರೇಜಿಗೆ ಬಂದೆವು. ಹಾಲೇಶಣ್ಣ ನಮ್ಮ ಲಾರಿಯ ಹಳೆಯ ಮೆಕ್ಯಾನಿಕ್ಕು. ಬಾನೆಟ್ಟು ಎತ್ತಿ, ಎಣ್ಣೆಯ ಬಟ್ಟಲಿನಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆಯನ್ನು ಬಿಚ್ಚಿ ತೋರಿಸಿದ. ಕೆಳಭಾಗದಲ್ಲಿ ಒಂದು ಗೇಣು ಸೀಳಿತ್ತು. ಸೋಸದ ಗಾಳಿ ಅಲ್ಲಿಂದ ನೇರ ಒಳಗೆ ಹೋಗಿ ಎಂಜಿನ್ನು ತಿಂಗಳುಗಟ್ಟಲೆ ಧೂಳು ತಿಂದಿತ್ತು.

“ಬಸಣ್ಣಾರ, ಇದು ನಿನ್ನೆ ಮೊನ್ನೆ ಸೀಳಿದ್ದಲ್ಲ. ಊರಿಗೆಲ್ಲ ಕೇಳೋ ಹಂಗ ಸಿಳ್ಳೆ ಹೊಡದೈತಿ. ಕಿವಿ ಬಸಣ್ಣಗ ಕೇಳ್ಲಿಲ್ಲ ಅಂದ್ರ ಇನ್ನ ಯಾರಿಗೆ ಕೇಳಬೇಕ್ರೀ?”

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ಉಳಿದವರ ಮುಖ ನೋಡಿಕೊಂಡು, ತುಸು ತಡವಾಗಿ.

ನಾನು ನೆಲ ನೋಡುತ್ತಿದ್ದೆ. ಯಾಕೆಂದರೆ ಆ ಸಿಳ್ಳೆ ನನಗೆ ಕೇಳಿತ್ತು. ಸೋಮವಾರ ಲಾರಿ ಸ್ಟಾರ್ಟ್ ಮಾಡಿದಾಗಲೆಲ್ಲ ‘ಸುಂಯ್’ ಎಂದು ಕುಕ್ಕರು ಕೂಗುವ ಮುಂಚಿನ ಸದ್ದು. ಇವರು ಸ್ಕ್ರೂಡ್ರೈವರು ಇಟ್ಟು ತಲೆದೂಗಿ, “ಚಲೋ ಐತಿ” ಎನ್ನುತ್ತಿದ್ದರು. ಅವರೇ ಚಲೋ ಎಂದ ಮೇಲೆ ಅದು ಹಾಗೇ ಇರಬೇಕಾದ ಸದ್ದು ಎಂದುಕೊಂಡೆ. ನಮ್ಮ ಮನೆಯಲ್ಲಿ ಉಪ್ಪು ಹುಳಿ ನನ್ನದು, ಸದ್ದು ಅವರದು. ಹೀಗಾಗಿ ಒಂದು ಎಂಜಿನ್ನು ಹಾಳಾಯಿತು.

ಎಂಜಿನ್ನು ಬಿಚ್ಚಿ ರಿಪೇರಿ ಮಾಡುವುದು ಹೇಗೂ ತಪ್ಪಲಿಲ್ಲ. ಉಳಿದದ್ದು ಗಾಳಿಯ ಪ್ರಶ್ನೆ. ಎಣ್ಣೆಯ ಬಟ್ಟಲನ್ನು ಕಿತ್ತೆಸೆದು ಈಗಿನ ಲಾರಿಗಳಂತೆ ಪೇಪರ್ ಫಿಲ್ಟರು ಹಾಕುವುದೋ, ಅಥವಾ ಬಟ್ಟಲನ್ನೇ ಉಳಿಸಿಕೊಂಡು ಕ್ಯಾಬಿನ್ನಿನ ಮೇಲಕ್ಕೆ ಎತ್ತರದ ಗಾಳಿ ಪೈಪು ಏರಿಸುವುದೋ? ಪೈಪಿನ ಕೆಲಸ ಹಾಲೇಶಣ್ಣನದಲ್ಲ. ಅದನ್ನು ಮಾಡುವವನು ಸೊರಬದ ಮಂಜಣ್ಣ, ಅವನೂ ಇವರ ಹಳೆಯ ಪರಿಚಯ. ಹಾಲೇಶಣ್ಣ ಫೋನಿನಲ್ಲೇ ಅವನನ್ನು ಕರೆದು, ಎಲ್ಲರಿಗೂ ಕೇಳುವ ಹಾಗೆ ಇಟ್ಟ.

“ಎಂತ ಮಾರಾಯ್ರೆ, ಧೂಳು ಎಳ್ಕೊಂಡು ಸೋಸೋದಕ್ಕಿಂತ ಧೂಳಿಲ್ಲದ ಕಡೆಯಿಂದ್ಲೇ ಗಾಳಿ ತಗೊಂಡ್ರೆ ಆಗ್ತದಲ? ಪೈಪು ಹಾಕಿ,” ಎಂದ ಮಂಜಣ್ಣ.

“ಮೂಗು ಎತ್ರಕ್ಕಿಟ್ರ ಸಾಕೇನೋ? ಒಳಗ ಕೂದಲೂ ಬೇಕಲ್ಲ!” ಎಂದ ಹಾಲೇಶಣ್ಣ. “ಫಿಲ್ಟರ್ ಹಾಕ್ರಿ ಬಸಣ್ಣಾರ. ಹಳೇ ಗಾಡಿ, ಶಾಂತಗೆ ಉಸಿರಾಡ್ಲಿ.”

ಜರಡಿ ಒಳ್ಳೆಯದು ಕೊಳ್ಳಬೇಕೋ, ಕಲ್ಲಿಲ್ಲದ ಅಕ್ಕಿ ಕೊಳ್ಳಬೇಕೋ ಎಂಬಂಥ ಮಾತು. ನನಗೆ ಜರಡಿಯೇ ಸರಿ ಕಂಡಿತು. ಯಾವ ಅಕ್ಕಿಯಲ್ಲಿ ಕಲ್ಲಿಲ್ಲ? ಆದರೆ ಇವರು ಕೇಳಿದ್ದೇ ಬೇರೆ.

“ಆ ಪೈಪು ಯಾವ ಕಡೆ ಬರ್ತತಿ?”

“ಡ್ರೈವರ್ ಬೆನ್ನ ಹಿಂದ, ಕಿಟಕಿ ಬಾಜೂಕ. ಆದ್ರ ಬಾಳ ಸದ್ದು ರೀ. ಗಾಳಿ ಎಳಿಯೋದು ಕಿವ್ಯಾಗೇ ಹೊಡೀತತಿ.”

“ಹಾಂ?”

ಹಾಲೇಶಣ್ಣ ತನ್ನ ಕಿವಿ ಮುಟ್ಟಿ ತೋರಿಸಿ ಇನ್ನೊಮ್ಮೆ ಕೂಗಿ ಹೇಳಿದ. ಇವರ ಮುಖ ಅರಳಿತು. ಎಷ್ಟೋ ತಿಂಗಳಿಂದ ನಾನು ಆ ಮುಖ ನೋಡಿರಲಿಲ್ಲ. “ಪೈಪೇ ಹಾಕ್ಸೋಣ” ಎಂದರು.

ಮನೆಗೆ ಬಂದು ಹಿಟ್ಟು ಜರಡಿ ಹಿಡಿಯುವಾಗ ನನಗೆ ಅರ್ಥವಾಯಿತು. ಅವರಿಗೆ ಬೇಕಾಗಿದ್ದದ್ದು ಲಾರಿಗೆ ಗಾಳಿಯಲ್ಲ. ಕಿವಿಯ ಪಕ್ಕದಲ್ಲೇ ಅಷ್ಟು ದೊಡ್ಡ ಸದ್ದಿದ್ದರೆ ತನಗೂ ಕೇಳೀತು; ಕೇಳಿದರೆ ಇನ್ನೂ ಓಡಿಸಬಹುದು. ಹಿಟ್ಟು ಅರ್ಧಕ್ಕೆ ಬಿಟ್ಟು ದೇವರ ಮುಂದೆ ಕೂತೆ. ಏನು ಬೇಡಲಿ? ಕೇಳಲಿ ಎಂದು ಬೇಡಿದರೆ ಲಾರಿ ಹತ್ತುತ್ತಾರೆ, ಓಣಿಯ ಮಕ್ಕಳು ಕಣ್ಣ ಮುಂದೆ ಬರುತ್ತಾರೆ. ಕೇಳದಿರಲಿ ಎಂದು ಗಂಡನಿಗೆ ಯಾರಾದರೂ ಬೇಡುತ್ತಾರೆಯೆ? ಏನೂ ಬೇಡದೆ ಎದ್ದೆ. ನನ್ನ ಆಯುಷ್ಯದಲ್ಲಿ ಹಾಗೆ ಬರಿಗೈಯಲ್ಲಿ ಎದ್ದದ್ದು ಅದೊಂದೇ ಸಲ.

ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಮಂಜಣ್ಣನ ಶೆಡ್ಡಿನಲ್ಲಿ ಎತ್ತರದ ಪೈಪು ಹಾಕಿದ ಲಾರಿಯೊಂದು ನಿಂತಿತ್ತು. “ಹತ್ತಿ ಕೂತ್ಕೊಳಿ ಬಸಣ್ಣ, ನೀವೇ ಕೇಳಿ ನೋಡಿ” ಎಂದು ಅವನೇ ಸ್ಟಾರ್ಟ್ ಮಾಡಿ ಕೆಳಗಿಳಿದ. ಇವರು ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಬಲಗಿವಿಯನ್ನು ಪೈಪಿನ ಕಡೆ ಓರೆ ಮಾಡಿದರು. ನಮ್ಮಪ್ಪನ ಪಂಪಿನ ಮುಂದೆ ಓರೆಯಾಗಿದ್ದ ಅದೇ ಕುತ್ತಿಗೆ. ಮಂಜಣ್ಣ ಬಾನೆಟ್ಟಿನೊಳಗೆ ಕೈ ಹಾಕಿ ಎಕ್ಸಲರೇಟರಿನ ಸರಳು ಎಳೆದ.

ಪೈಪು ಗುಡುಗಿತು. ಶೆಡ್ಡಿನ ತಗಡು ನಡುಗಿತು. ಮಲಗಿದ್ದ ನಾಯಿ ಎದ್ದು ಓಡಿತು. ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಚೀಲ ಕೆಳಗಿಟ್ಟು ಕಿವಿ ಮುಚ್ಚಿಕೊಂಡಳು. ಇವರು ಅಲುಗಲಿಲ್ಲ. ಮಂಜಣ್ಣ ಸರಳು ಬಿಟ್ಟ, ಸದ್ದು ಇಳಿಯಿತು. ಇವರು ಕಣ್ಣು ತೆರೆದು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಹೂಂ ಮಂಜಣ್ಣ, ಈಗ ಜೋರು ಕೊಡು.”

ಮಂಜಣ್ಣ ನನ್ನನ್ನು ನೋಡಿದ. ನಾನು ಸೆರಗಿನ ತುದಿ ನೋಡಿದೆ. ನಾವಿಬ್ಬರೂ ಹಾಗೆ ನಿಂತದ್ದನ್ನು ಇವರು ಮೇಲಿನಿಂದ ನೋಡಿದರು. ಒಂದು ಗಳಿಗೆ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡಿದ್ದು, ಮೆಲ್ಲಗೆ ಇಳಿದರು.

“ಬ್ಯಾಡ. ಫಿಲ್ಟರೇ ಹಾಕಸ್ತೀನಿ.”

“ಹಾಂ, ಅದೇ ಒಳ್ಳೇದು ಬಿಡಿ” ಎಂದ, ಫೋನಿನಲ್ಲಿ ಪೈಪಿಗೇ ಜಗಳವಾಡಿದ್ದ ಮಂಜಣ್ಣ. ಅವನು ನಗಲಿಲ್ಲ. ಚಹಾ ತರಿಸಿದ. ಅವೆರಡೂ ಆ ದಿನದ ಎರಡು ಗೆರೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತಿದ್ದರು. “ಆ ಸಿಳ್ಳೆ ನಂಗ ಕೇಳಿತ್ತು ರೀ. ನಾ ಹೇಳಬೇಕಿತ್ತು” ಎಂದೆ. ಕಣ್ಣಲ್ಲಿ ನೀರು ತುಂಬಿ ಬೇಗ ಬೇಗ ಹೇಳಿದೆ. ಅವರು ಹೊರಗೆ ನೋಡುತ್ತಿದ್ದರು. ಅವರಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳುವ ಧೈರ್ಯ ಇದುವರೆಗೂ ಬಂದಿಲ್ಲ.

ಶಿವಮೊಗ್ಗದ ಡಾಕ್ಟರು ನರವೇ ಸೊರಗಿದೆ ಎಂದರು. ಕಿವಿಗೊಂದು ಮಿಷನ್ನು ಕೊಟ್ಟರು. ಎರಡು ದಿನ ಹಾಕಿಕೊಂಡು, “ಸಂತಿ ಒಳಗ ಕೂತಂಗ ಆಗ್ತತಿ, ಮಾತೊಂದೂ ತಿಳಿಯಲ್ಲ” ಎಂದು ಡಬ್ಬಿಗೆ ಹಾಕಿಟ್ಟರು. ನಾನು ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ನೋಡಿದೆ.

ಫಿಲ್ಟರು ಕೂಡಿಸಿದ ದಿನ ಹಾಲೇಶಣ್ಣ ಲಾರಿ ಸ್ಟಾರ್ಟ್ ಮಾಡಿದ. ಇವರು ಸ್ಕ್ರೂಡ್ರೈವರು ಇಟ್ಟು ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕೈ ಹಿಡಿದು ಎಳೆದು, ಅಷ್ಟು ಜನರ ಮುಂದೆ ಹಿಡಿಯನ್ನು ನನ್ನ ಕಿವಿಗೆ ಇಟ್ಟರು.

“ಏನ್ ಕೇಳ್ತತಿ ಹೇಳು.”

ನನಗೆ ಎಂಜಿನ್ನಿನ ಭಾಷೆ ಎಲ್ಲಿಂದ ಬರಬೇಕು? “ಒಗ್ಗರಣಿ ಹಾಕಿದಂಗ…” ಎಂದೆ.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. “ಸಾಸ್ವಿ ಏನು, ಜೀರ್ಗಿ ಏನು?”

ಗ್ಯಾರೇಜಿನಲ್ಲಿ ಯಾರೂ ನಗಲಿಲ್ಲ. ನಾನು ಕಣ್ಣು ಮುಚ್ಚಿ ಮತ್ತೆ ಕೇಳಿದೆ. “ಅಲ್ಲ ರೀ. ಅನ್ನ ಕುದಿಯೋ ಹಂಗೈತಿ. ಒಂದೇ ಸಮ.”

“ಹಂಗಾದ್ರ ಸರಿ ಐತಿ” ಎಂದರು. ಜೇಬಿನಿಂದ ಕೀಲಿ ತೆಗೆದು, ಹಾಲೇಶಣ್ಣನ ಮೇಜಿನ ಮೇಲಿಟ್ಟು, “ಪರಮೇಶಿಗೆ ಬರಾಕ ಹೇಳು” ಎಂದರು. ಪರಮೇಶಿ ನನ್ನ ತಮ್ಮ. ಬಂದಳಿಕೆಯಲ್ಲೇ ಇದ್ದಾನೆ, ಹೊಲದ ಜೊತೆಗೆ ಅವರಿವರ ಲಾರಿಯನ್ನೂ ಓಡಿಸುತ್ತಾನೆ. ಸ್ಕ್ರೂಡ್ರೈವರು ನನ್ನ ಕೈಯಲ್ಲೇ ಉಳಿಯಿತು. ಎಲ್ಲಿಡಬೇಕೆಂದು ತಿಳಿಯದೆ ದೇವರ ಗೂಡಿನಲ್ಲಿಟ್ಟೆ.

ಲಾರಿ ಈಗ ಚೆನ್ನಾಗಿದೆ. ಇವರು ಪಡಸಾಲೆಯಲ್ಲಿ ಕೂತಿರುತ್ತಾರೆ. ನಾನು ಹತ್ತಿರ ಹೋದರೂ ಗೊತ್ತಾಗದೆ ಬೆಚ್ಚಿಬೀಳುತ್ತಾರೆ, ಹಾಗಾಗಿ ಮೊದಲು ನೆರಳು ಬೀಳುವ ಹಾಗೆ ಹೋಗುವುದನ್ನು ಕಲಿತಿದ್ದೇನೆ. ಇಡೀ ವಾರದಲ್ಲಿ ಅವರು ಎದ್ದು ಓಡಾಡುವುದು ಸೋಮವಾರ. ಆ ದಿನ ಪರಮೇಶಿ ಲಾರಿ ತಂದು ಅಂಗಳದಲ್ಲಿ ನಿಲ್ಲಿಸುತ್ತಾನೆ. ಸ್ನಾನ, ವಿಭೂತಿ, ಹೂವು. ಆಮೇಲೆ ನಾನು ಸ್ಕ್ರೂಡ್ರೈವರು ಇಟ್ಟು ಕೇಳುತ್ತೇನೆ, ಇವರು ನನ್ನ ತುಟಿ ನೋಡುತ್ತ ನಿಲ್ಲುತ್ತಾರೆ.

ಮೊದಲ ಕೆಲವು ಸೋಮವಾರ ನಿಜವನ್ನೇ ಹೇಳಿದೆ. ಅನ್ನ ಕುದಿಯುತ್ತಿದೆ, ಒಂದೇ ಸಮ. ಅವರು ತಲೆಯಾಡಿಸಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಮುಂದಿನ ಸೋಮವಾರದವರೆಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ.

ಈ ಸೋಮವಾರ ಹಣೆಗೆ ಹಚ್ಚಿಕೊಂಡು ಬಂದದ್ದು ಎರಡೇ ಗೆರೆ. ಸ್ಕ್ರೂಡ್ರೈವರು ಇಟ್ಟೆ. ಅನ್ನ ಕುದಿಯುತ್ತಿತ್ತು. ಬಂದಳಿಕೆಯ ಕಂಬದ ಹತ್ತಿರ ನಿಂತ ಹುಡುಗಿಯ ಹಾಗೆಯೇ ಹೇಳಿದೆ.

“ಸಣ್ಣಗ ಸಾಸ್ವಿ ಸಿಡಿದಂಗ ಕೇಳ್ತತಿ ರೀ.”

ಅವರು ಲುಂಗಿ ಎತ್ತಿ ಕಟ್ಟಿದರು. ಬಾನೆಟ್ಟು ಎತ್ತಿಸಿದರು. ನಟ್ಟು ತಿರುಗಿಸುವ ಆ ಪಾನಾ ಕೊಡು, ಈ ಪಾನಾ ಕೊಡು ಎಂದು ಪರಮೇಶಿಗೆ ಹೇಳುತ್ತ ಒಂದು ಗಂಟೆ ಅಲ್ಲೇ ಬಗ್ಗಿದ್ದರು. ಪರಮೇಶಿ ನನ್ನ ಕಡೆ ಒಮ್ಮೆ ನೋಡಿ, ಕೇಳಿದ ಪಾನಾ ಚಾಚಿದ. ನಾನು ಕಟ್ಟೆಯ ಮೇಲೆ ಕೂತು ಹೂವು ಕಟ್ಟಿದೆ. ಕೊನೆಗೆ ಬಾನೆಟ್ಟು ಇಳಿಸಿ ನನ್ನ ಹತ್ತಿರ ಬಂದರು.

“ಫಿಲ್ಟರಿನ ಒಂದು ಕ್ಲಿಪ್ಪು ಸಡ್ಲಾಗಿತ್ತು ನೋಡು. ಬಿಗಿ ಮಾಡ್ದೆ. ನಿನ್ ಕಿವಿ ಚಲೋ ಐತಿ.”

ಸೋಪು ಕೇಳಿದರು, ಕೊಟ್ಟೆ. ಎರಡೂ ಕೈ ಮುಂದೆ ಚಾಚಿದರು. ಚೊಂಬಿನಿಂದ ನೀರು ಹಾಕಿದೆ. ಬೆರಳುಗಳಿಗೆ ಒಂದಿಷ್ಟೂ ಮಸಿಯಾಗಿರಲಿಲ್ಲ.